ಸೈಟಿನ ಮಣ್ಣು ತಡೆ ಕೆಲಸಕ್ಕೆ ಶ್ಯೂರಿಟಿ ಬಾಂಡ್ ಮಾಡಿಸಿಕೊಡ್ತೀನಿ ಅನ್ನೋರಿಂದ ದೂರ ಇರಿ

"ಮಾರ್ಜಿನ್ ಬೇಡ, ಎಫ್‌ಡಿ ಬೇಡ, ಬಾಂಡ್ ಮನೆಗೇ ಬರುತ್ತೆ" ಅಂತ ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ಕಟ್ ಮಾಡಿ. ನನ್ನ 61,000 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಉರಿಯುತ್ತಿರುವುದು ಕೆಲಸ ಕೊಟ್ಟ ಪಾರ್ಟಿ ಮುಂದೆ ಹೋದ ಮರ್ಯಾದೆ.

ನಾನು ಮಣ್ಣು ಕೆಲಸದ ಸಣ್ಣ ಕಾಂಟ್ರಾಕ್ಟರ್. ದೇವನಹಳ್ಳಿ ಕಡೆ ಒಂದು ಲೇಔಟ್ ಕೆಲಸ ಸಿಕ್ಕಿತ್ತು. ಇಳಿಜಾರು ಜಾಗ, ಕೆಳಗೆ ರಾಜಕಾಲುವೆ, ಅದರಾಚೆ ಕೆರೆ. ಜೆಸಿಬಿ ಕೆದಕಿಟ್ಟ ಕೆಮ್ಮಣ್ಣು ಒಂದು ಜೋರು ಮಳೆಗೆ ಹೇಗೆ ಇಳಿಯುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಹೋದ ಮಳೆಗಾಲದಲ್ಲಿ ಕಾಲುವೆಯೆಲ್ಲ ಹೂಳು ತುಂಬಿ ಗಲಾಟೆ ಆಗಿತ್ತಂತೆ. ಅದಕ್ಕೇ ಈ ಸಲ ವರ್ಕ್ ಆರ್ಡರ್‌ನಲ್ಲೇ ಬರೆದಿದ್ದರು: ಸಿಲ್ಟ್ ಫೆನ್ಸ್ (ಹೂಳು ತಡೆಯುವ ಬಟ್ಟೆ ಬೇಲಿ), ಹೂಳು ನಿಲ್ಲುವ ಗುಂಡಿ, ಇಳಿಜಾರಿಗೆ ತೆಂಗಿನ ನಾರಿನ ಮ್ಯಾಟ್, ಎಲ್ಲ ಮುಂಗಾರಿಗೆ ಮುಂಚೆ ಮುಗಿಯಬೇಕು. ಮೇಲೆ ಹತ್ತು ಪರ್ಸೆಂಟ್ ಸೆಕ್ಯೂರಿಟಿ. ಬ್ಯಾಂಕ್ ಗ್ಯಾರಂಟಿ ಇಲ್ಲವೇ ಇನ್ಶುರೆನ್ಸ್ ಕಂಪನಿಯ ಶ್ಯೂರಿಟಿ ಬಾಂಡ್, ಅಂದರೆ ನಾವು ಕೆಲಸ ಕೆಡಿಸಿದರೆ ಪಾರ್ಟಿಗೆ ದುಡ್ಡು ಕೊಡ್ತೀವಿ ಅನ್ನೋ ಪತ್ರ. 85 ಲಕ್ಷದ ಕೆಲಸಕ್ಕೆ ಎಂಟೂವರೆ ಲಕ್ಷ.

ಬ್ಯಾಂಕಿನವರು ಅಷ್ಟಕ್ಕೂ ಎಫ್‌ಡಿ ಇಡಿ ಅಂದರು. ಇಟ್ಟರೆ ಡೀಸೆಲ್‌ಗೆ, ಲೇಬರ್‌ಗೆ ಎಲ್ಲಿಂದ ತರೋದು? ಆಗ ಗಂಟುಬಿದ್ದವನು ಈ ಪುಣ್ಯಾತ್ಮ.

"ಅಣ್ಣಾ, ಟೆನ್ಶನ್ ಬಿಡಿ. 2022ರಿಂದ ಸರ್ಕಾರವೇ ಬಾಂಡ್ ಒಪ್ಪಿದೆ. ಅಮೆರಿಕಾದಲ್ಲಿ ಮಣ್ಣು ಕೊಚ್ಚಿ ಹೋಗಲ್ಲ ಅಂತ ಬಾಂಡ್ ಕೊಡದೆ ಎಷ್ಟೋ ಕಡೆ ಗುದ್ದಲಿ ಹಾಕೋಕೂ ಬಿಡಲ್ಲ."

ಇದರಲ್ಲಿ ಸುಳ್ಳಿಲ್ಲ, ನೋಡಿ. ಅಲ್ಲಿ ಎಷ್ಟೋ ಕೌಂಟಿಗಳಲ್ಲಿ ಹಾಗೇ ಇದೆ. ಇಲ್ಲೂ ಇನ್ಶುರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಶ್ಯೂರಿಟಿ ನಿಯಮ 2022ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಆದರೆ ಆ ನಿಯಮದ ಬಾಂಡ್ ಕೊಡಬೇಕಾದವರು ಐಆರ್‌ಡಿಎಐನಲ್ಲಿ ನೋಂದಾಯಿಸಿದ ಇನ್ಶುರೆನ್ಸ್ ಕಂಪನಿಗಳು. ಆ ಒಂದು ಮಾತನ್ನು ಮಾತ್ರ ಅವನು ನುಂಗಿಬಿಟ್ಟ.

ಅವನ ಮಾತು ನಂಬಿ ದುಡ್ಡು ಹಾಕಿದೆ, ಬಾಂಡ್ ಬಂತು. ಕಾಗದ ಎಷ್ಟು ಚೆನ್ನಾಗಿತ್ತು ಅಂತೀರಿ! ಇ-ಸ್ಟಾಂಪ್, ಹೊಲೊಗ್ರಾಂ, ಎರಡು ಸೀಲು. ಇ-ಸ್ಟಾಂಪ್ ನಂಬರ್ ಹಾಕಿ ನೋಡಿದೆ, ಅಸಲಿ. ಅಸಲಿ ಇರದೆ ಏನು, ಸ್ಟಾಂಪ್ ಡ್ಯೂಟಿ ಕಟ್ಟಿದರೆ ಯಾರಿಗೆ ಬೇಕಾದರೂ ಸಿಗುತ್ತದೆ. ಬಾಂಡ್ ಕೊಟ್ಟವನ ಯೋಗ್ಯತೆ ಅದರಿಂದ ಗೊತ್ತಾಗಲ್ಲ.

ಪಾರ್ಟಿ ಆಫೀಸಿಗೆ ಕೊಡಲು ಹೋದೆ. ಅಕೌಂಟ್ಸ್ ಮೇಡಂ ಕಂಪನಿ ಹೆಸರು ಓದಿದರು. ಫೋನ್‌ನಲ್ಲಿ ಐಆರ್‌ಡಿಎಐ ಪಟ್ಟಿ ತೆಗೆದರು. ಮೇಲಿಂದ ಕೆಳಗೆ ನೋಡಿದರು.

"ಸರ್, ಇದು ಇನ್ಶುರೆನ್ಸ್ ಕಂಪನಿಯೇ ಅಲ್ವಲ್ಲ. ಯಾವುದೋ ಪ್ರೈವೇಟ್ ಲಿಮಿಟೆಡ್."

ಪಕ್ಕದಲ್ಲಿ ಪ್ಲಂಬಿಂಗ್ ಕಾಂಟ್ರಾಕ್ಟರು, ಎಲೆಕ್ಟ್ರಿಕಲ್‌ನವರು ಕೂತಿದ್ದರು. ಒಬ್ಬ ಕಿಸಕ್ಕನೆ ನಕ್ಕ. ಮೇಡಂ ಇನ್‌ವಾಯ್ಸ್ ತಿರುಗಿಸಿದರು. "ಪ್ರೀಮಿಯಂ ಅಂತ ಎಲ್ಲೂ ಇಲ್ಲ ಸರ್. ಕನ್ಸಲ್ಟೆನ್ಸಿ ಚಾರ್ಜ್ ಅಂತಿದೆ." ಹೌದು, ಕನ್ಸಲ್ಟೆನ್ಸಿ ಚಾರ್ಜ್! ಜಿಎಸ್‌ಟಿ ಬೇರೆ ಸೇರಿಸಿ! ನನ್ನ ಮುಖ ಎಲ್ಲಿಡಲಿ?

ಕೆಳಗಿಳಿದು ಬಂದು ಅಲ್ಲಿಂದಲೇ ಫೋನ್ ಮಾಡಿದೆ. "ಅಣ್ಣಾ, ನಮ್ಮದು ಕೇಂದ್ರ ಸರ್ಕಾರದಲ್ಲಿ ರಿಜಿಸ್ಟರ್ ಆಗಿರೋ ಕಂಪನಿ" ಅಂದ. ಪಾನ್ ಬೀಡಾ ಮಾರೋಕೂ ಕಂಪನಿ ರಿಜಿಸ್ಟರ್ ಮಾಡಬಹುದು ಕಣಯ್ಯ, ಇನ್ಶುರೆನ್ಸ್ ಲೈಸೆನ್ಸ್ ಎಲ್ಲಿ ಅಂದೆ. ಆಗ ಅಣ್ಣ ಹೋಗಿ ಸರ್ ಆದೆ. "ಸರ್, ನಿಮ್ಮ ಪಾರ್ಟಿಗೆ ತಿಳುವಳಿಕೆ ಇಲ್ಲ, ನಾನು ಮಾತಾಡ್ತೀನಿ." ಮಾತಾಡಲೇ ಇಲ್ಲ. ದುಡ್ಡು ವಾಪಸ್ ಕೇಳಿದ ಮೇಲೆ ಸರ್ ಕೂಡ ಹೋಯಿತು. "ರೀ ಸ್ವಾಮಿ, ಡಾಕ್ಯುಮೆಂಟ್ ಇಶ್ಯೂ ಆದ್ಮೇಲೆ ರಿಫಂಡ್ ಇಲ್ಲ ಅಂತ ನೀವೇ ಸೈನ್ ಹಾಕಿದ್ದೀರ. ನಾವು ಕೊಟ್ಟಿದ್ದು ಸಲಹೆ." ಯಾವ ಸಲಹೆ? ಏನು ಸಲಹೆ ಕೊಟ್ಟೆ ನೀನು?

ಇನ್ನೊಂದು ವಿಷಯ ಕೇಳಿ. ನನ್ನಿಂದ ಇಂಡೆಮ್ನಿಟಿ ಪತ್ರಕ್ಕೆ ಸಹಿ, ಜೊತೆಗೆ ಎರಡು ಖಾಲಿ ಚೆಕ್ ತಗೊಂಡಿದ್ದ. ಶ್ಯೂರಿಟಿ ಅಂದಮೇಲೆ ಇಂಡೆಮ್ನಿಟಿ ಕೇಳುವುದು ಮಾಮೂಲಿ. ನಾವು ಕೆಲಸ ಕೆಡಿಸಿದರೆ ಕಂಪನಿ ಪಾರ್ಟಿಗೆ ದುಡ್ಡು ಕೊಟ್ಟು, ಆಮೇಲೆ ನಮ್ಮಿಂದಲೇ ವಸೂಲಿ ಮಾಡುತ್ತದೆ. 1872ರ ಕರಾರು ಕಾಯ್ದೆಯ ಸೆಕ್ಷನ್ 145 ಹೇಳುವುದೂ ಅದನ್ನೇ. ಆ ಮಾಮೂಲಿಯನ್ನೇ ಇವನು ಬಳಸಿಕೊಂಡ. ಬಾಂಡ್‌ಗೆ ಮೂರು ಕಾಸಿನ ಬೆಲೆ ಇಲ್ಲ, ನನ್ನ ಚೆಕ್‌ಗಳು ಮಾತ್ರ ಅವನ ಡ್ರಾಯರ್‌ನಲ್ಲಿ. ತಕ್ಷಣ ಸ್ಟಾಪ್ ಪೇಮೆಂಟ್ ಕೊಟ್ಟೆ.

ಸ್ಟೇಷನ್‌ನಲ್ಲಿ "ಇದು ಸಿವಿಲ್ ಮ್ಯಾಟರ್ ಅಲ್ವಾ" ಅಂದರು. ದುಡ್ಡು ಆನ್‌ಲೈನ್ ಹೋಗಿತ್ತಲ್ಲ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ದೂರು ಹಾಕಿದ್ದೇನೆ. ಕೆಲಸ ಕೈಬಿಡಬಾರದು ಅಂತ ಮನೆಯ ಚಿನ್ನ ಅಡ ಇಟ್ಟು ಬ್ಯಾಂಕ್ ಗ್ಯಾರಂಟಿಯನ್ನೇ ಕೊಟ್ಟೆ.

ಬಾಂಡ್ ಬೇಕೇ ಬೇಕು ಅಂದರೆ ಐಆರ್‌ಡಿಎಐ ಪಟ್ಟಿಯಲ್ಲಿ ಹೆಸರು ನೋಡಿ. ಆ ಇನ್ಶುರೆನ್ಸ್ ಕಂಪನಿಯ ಬ್ರ್ಯಾಂಚಿಗೇ ಹೋಗಿ ಬಾಂಡ್ ನಂಬರ್ ಕೇಳಿ. ಪ್ರೀಮಿಯಂ ಆ ಕಂಪನಿ ಖಾತೆಗೇ ಹಾಕಿ, ನಡುವಿನವನ ಖಾತೆಗೆ ಒಂದು ರೂಪಾಯಿಯೂ ಬೇಡ. ಖಾಲಿ ಚೆಕ್ ಅಂತೂ ಕೊಡಲೇಬೇಡಿ.

ಇದೇ ಥರ ಕನ್ಸಲ್ಟೆನ್ಸಿ ಚಾರ್ಜ್ ಅಂತ ಇನ್‌ವಾಯ್ಸ್ ಇಸಿದುಕೊಂಡವರು ಇನ್ನೂ ಇರಬೇಕು. ಆ ಇನ್‌ವಾಯ್ಸ್, ವಾಟ್ಸಾಪ್ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಒಟ್ಟಿಗೆ ಹೋಗಿ ದೂರು ಕೊಡೋಣ, ಆಗ ಹೇಗೆ ಸಿವಿಲ್ ಮ್ಯಾಟರ್ ಅಂತಾರೋ ನೋಡೋಣ.