ಹಳೆಯ ನದಿಪಾತ್ರದ ಗರಸಿಗೆ 14 ಇಂಚಿನ ಪ್ಲಾಸ್ಟಿಕ್ ಬೋಗುಣಿ

ಸಡಿಲ ಗರಸಿನಲ್ಲಿ ಚಿನ್ನ ಇದೆಯೇ ಎಂದು ನೋಡುವುದಕ್ಕಾದರೆ ಈ ಹಸಿರು ಬೋಗುಣಿಯನ್ನು ಧೈರ್ಯವಾಗಿ ಕೊಳ್ಳಬಹುದು. ಉಕ್ಕಿನದು ತುಕ್ಕು ಹಿಡಿಯುತ್ತದೆ, ಅಯಸ್ಕಾಂತಕ್ಕೂ ಅಂಟುತ್ತದೆ; ಇದಕ್ಕೆ ಆ ಕಾಟವಿಲ್ಲ. ಹಸಿರು ತಳದ ಮೇಲೆ ಕಪ್ಪು ಮರಳೂ ಚಿನ್ನದ ಕಣವೂ ಬೇರೆಬೇರೆಯಾಗಿ ಕಾಣುತ್ತವೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದ ಜಾಲಗಾರರು ಮರದ ಮರಿಗೆಯಲ್ಲಿ ಮಾಡುತ್ತಿದ್ದ ಕೆಲಸವೇ ಇದು.

ಹೊಸದನ್ನು ಮೊದಲು ಪಾತ್ರೆ ಸೋಪಿನಿಂದ ಚೆನ್ನಾಗಿ ಉಜ್ಜಿ. ಎಣ್ಣೆಪಸೆ ಉಳಿದರೆ ಪುಡಿಚಿನ್ನ ನೀರಿನ ಮೇಲೆ ತೇಲಿ ಹೊರಟುಹೋಗುತ್ತದೆ. ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ. ನೀರೊಳಗೆ ಜೇಡಿಯ ಉಂಡೆಗಳನ್ನು ಬೆರಳಿನಿಂದ ಪೂರ್ತಿ ಕರಗಿಸಿ, ಬೋಗುಣಿಯನ್ನು ಸಮತಟ್ಟಾಗಿ ಹಿಡಿದು ಜೋರಾಗಿ ಅಲುಗಿಸಿ, ಆಮೇಲೆ ಓರೆ ಮಾಡಿ ಮೇಲಿನ ಹಗುರ ಮರಳನ್ನು ನೀರಿನೊಂದಿಗೆ ಹೊರಬಿಡಿ. ಅಕ್ಕಿಯಲ್ಲಿ ಕಲ್ಲು ಜಾಲಿಸುವ ಕೈಯೇ ಇಲ್ಲಿಯೂ ಬೇಕು. ನೀರಿನ ಸಾಂದ್ರತೆ 1 ಎಂದರೆ ಬೆಣಚುಕಲ್ಲಿನದು 2.65, ಕಪ್ಪು ಮರಳಿನಲ್ಲಿರುವ ಕಬ್ಬಿಣದ ಖನಿಜ ಮ್ಯಾಗ್ನೆಟೈಟಿನದು 5.2, ಅಪ್ಪಟ ಚಿನ್ನದ್ದು 19.3, ಅಲುಗಿಸುವ ಮೊದಲೇ ಓರೆ ಮಾಡಿದರೆ ಈ ಅಂತರದ ಲಾಭ ಸಿಗುವುದಿಲ್ಲ. ಬೋಗುಣಿಯ ಒಳಬದಿಯಲ್ಲಿರುವ ಉಬ್ಬು ಪಟ್ಟಿಗಳು ಚಿನ್ನವೆಲ್ಲವನ್ನೂ ಹಿಡಿಯುತ್ತವೆಂಬ ನಂಬಿಕೆಯೇ ಹೊಸಬರ ದೊಡ್ಡ ತಪ್ಪು. ಕೊನೆಯ ಕಪ್ಪು ಮರಳನ್ನು ಒಣಗಿಸಿ, ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತದಿಂದ ಎರಡು ಮೂರು ಸಲ ಎತ್ತಿ, ಮತ್ತೆ ಉದುರಿಸಿ. ಒಂದೇ ಸಲಕ್ಕೆ ಎತ್ತಿದರೆ ಚಿನ್ನವೂ ಅದರೊಳಗೆ ಸಿಕ್ಕಿಕೊಂಡು ಬರುತ್ತದೆ.

ಭೂವಿಜ್ಞಾನಿಗಳು ಇದನ್ನು ಬಳಸುವುದು ಚಿನ್ನ ಕೂಡಿಡಲಿಕ್ಕಲ್ಲ, ಎಣಿಸಲಿಕ್ಕೆ. ಪ್ರತಿ ಜಾಗದಿಂದಲೂ ಒಂದೇ ಅಳತೆಯ, ಉದಾಹರಣೆಗೆ 10 ಲೀಟರ್, ಗರಸು ಜಾಲಿಸಿ, ಕಣಗಳ ಎಣಿಕೆಯನ್ನು ನಕ್ಷೆಯಲ್ಲಿ ಗುರುತಿಸುತ್ತಾ ಹಳ್ಳದ ಮೇಲಕ್ಕೆ ಹೋಗುತ್ತಾರೆ. ಎಣಿಕೆ ಏರುತ್ತಾ ಹೋಗಿ ಎಲ್ಲಿ ಹಠಾತ್ತನೆ ನಿಲ್ಲುತ್ತದೋ ಅಲ್ಲಿ ಪಕ್ಕದ ದಡ, ಇಳಿಜಾರನ್ನು ನೋಡಬೇಕು. ಕಣಗಳು ಸವೆದು ಚಪ್ಪಟೆಯಾಗಿದ್ದರೆ ಮೂಲ ಹಳೆಯ ನದಿಯ ಗರಸೇ ಇರಬಹುದು. ಚೂಪಾಗಿದ್ದು ಬೆಣಚು ಅಂಟಿಕೊಂಡಿದ್ದರೆ ಅದಿರಿನ ಎಳೆ ಹತ್ತಿರದಲ್ಲಿರಬಹುದು.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡದಲ್ಲಿ ಸುಮಾರು ನಾಲ್ಕೈದು ಕೋಟಿ ವರ್ಷ ಹಿಂದಿನ ಇಯೊಸೀನ್ ಕಾಲದ ನದಿಗಳ ಗರಸು ಬೆಟ್ಟದ ಮೇಲೆ ಉಳಿದಿದೆ. ಮೇಲಿನ ಬಿಳಿ ಗರಸಿನಲ್ಲಿ ಚಿನ್ನ ಕಡಿಮೆ. ತಳಬಂಡೆಗೆ ತಾಗಿದ ನೀಲಿ ಗರಸಿನಲ್ಲಿ ಹೆಚ್ಚು. ಮೇಲಿನದನ್ನಷ್ಟೇ ಜಾಲಿಸಿ ಏನೂ ಇಲ್ಲವೆಂದರೆ ಅದು ಬೋಗುಣಿಯ ದೋಷವಲ್ಲ. ನೀಲಿಯದು ಕೆಲವೆಡೆ ಕಲ್ಲಿನಂತೆ ಗಟ್ಟಿಯಾಗಿದೆ. ಅಂಥದ್ದನ್ನು ಕಬ್ಬಿಣದ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ಜಾಲಿಸಬೇಕು.

ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡಿನ ಪ್ರಾಚೀನ ಗರಸಿಗೆ ಮಾತ್ರ ಇದು ಸಾಲದು. ಅಲ್ಲಿನ ಚಿನ್ನದ ಕಣಗಳು ತೀರಾ ಸಣ್ಣವು, ಚಿನ್ನ ಬಂಡೆಯೊಳಗೆ ಸೆರೆಯಾಗಿದೆ. 1930ರ ದಶಕದಲ್ಲಿ ಭೂಭೌತವಿಜ್ಞಾನಿ ರುಡಾಲ್ಫ್ ಕ್ರಾಮನ್ ಅಲ್ಲಿ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು, ಚಿನ್ನದ ಪದರಗಳಿಗಿಂತ ಕೆಳಗಿರುವ ಕಾಂತೀಯ ಶೇಲ್ (ಜೇಡಿ ಗಟ್ಟಿಯಾಗಿ ಆದ ಕಲ್ಲು) ಪದರಗಳ ಜಾಡು ಹಿಡಿದರು. ಅದರಿಂದ ಚಿನ್ನದ ಪದರ ಎಲ್ಲಿರಬಹುದೆಂದು ಊಹಿಸಿ, ಆಮೇಲೆ ಕೊರೆದು ನೋಡಲಾಯಿತು.