ದೋಣಿಗೆ ಜಾಸ್ತಿ ಪಿಚ್ಚಿನ ಪ್ರೊಪೆಲ್ಲರ್ ಹಾಕಿಸುವ ಮುಂಚೆ ಇದನ್ನು ಓದಿ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಾನೂ ನಮ್ಮ ಭಾವನೂ ಮೀನು ಹಿಡಿಯುತ್ತೇವೆ. 16 ಅಡಿಯ ಫೈಬರ್ ದೋಣಿ, ಹಿಂದೆ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗೆ ತಾಗಿ ಪ್ರೊಪೆಲ್ಲರ್‌ನ ಒಂದು ರೆಕ್ಕೆ ಮುರಿಯಿತು.

ಹೊಸದು ತರಲು ಬೆಂಗಳೂರಿಗೆ ಹೋದೆವು. ಹಳೆಯದರ ಪಿಚ್ 8 ಇಂಚು. "ಅಣ್ಣಾ, 11 ಇಂಚಿನದು ಹಾಕಿ. ದೋಣಿ ಹಾರುತ್ತೆ, ಪೆಟ್ರೋಲೂ ಉಳಿಯುತ್ತೆ" ಅಂದರು ಅಂಗಡಿಯವರು. ದೋಣಿಯಲ್ಲಿ ಎಷ್ಟು ಭಾರ ಇರುತ್ತೆ ಅಂತ ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ.

ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಅನ್ನುವ ಲೆಕ್ಕ, ಮರಕ್ಕೆ ಸ್ಕ್ರೂ ಇಳಿಯುತ್ತದಲ್ಲ, ಹಾಗೆ. ಪಿಚ್ ಜಾಸ್ತಿ ಆದಷ್ಟೂ ಎಂಜಿನ್ ಮೇಲೆ ಹೊರೆ ಜಾಸ್ತಿ. ಭಾರ ತುಂಬಿದ ದೋಣಿಗೆ ಅದು ದೇವರಾಯನದುರ್ಗದ ಏರನ್ನು ಟಾಪ್ ಗೇರಿನಲ್ಲೇ ಹತ್ತಿಸಿದ ಹಾಗೆ.

ಮೊದಲ ದಿನ ನಾನೊಬ್ಬನೇ ಖಾಲಿ ದೋಣಿ ಓಡಿಸಿ ನೋಡಿದೆ. ಚೆನ್ನಾಗಿಯೇ ಹೋಯಿತು. ಮೋಸ ಹೋಗಿದ್ದು ಅಲ್ಲೇ. ಮಾರನೇ ದಿನದಿಂದ ಬಲೆ, ಐಸ್ ಪೆಟ್ಟಿಗೆ, ನಾಲ್ಕು ಜನ. ಥ್ರಾಟಲ್ ಪೂರ್ತಿ ತಿರುಗಿಸಿದರೂ ಎಂಜಿನ್ ಗುಂಯ್ ಅಂತ ಏರುತ್ತಲೇ ಇರಲಿಲ್ಲ, ಉಸಿರು ಕಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ಹೊಗೆ ಕಪ್ಪಗೆ. ನಿಧಾನ ಆಯಿತಲ್ಲ ಅಂತ ನಾವು ದಿನವೂ ಪೂರ್ತಿ ಥ್ರಾಟಲ್‌ನಲ್ಲೇ ಓಡಿಸಿದೆವು. ಎಂಜಿನ್ ಹಿಂದಿನಿಂದ ಚಿಮ್ಮುವ ನೀರು ಸರಿಯಾಗಿ ಬರುತ್ತಿದ್ದರಿಂದ ಬಿಸಿ ಆಗುತ್ತಿಲ್ಲ ಅಂದುಕೊಂಡಿದ್ದೆವು. ಒಳಗೆ ಪಿಸ್ಟನ್ ಸುಡುತ್ತಿದ್ದದ್ದು ಆ ನೀರಿನಿಂದ ಗೊತ್ತಾಗುವುದಿಲ್ಲ.

ಆಷಾಢದ ಗಾಳಿ ಜೋರಾಗಿದ್ದ ಒಂದು ಸಂಜೆ, ನಡು ನೀರಿನಲ್ಲಿ ಎಂಜಿನ್ ಟಕ್ ಅಂತ ನಿಂತಿತು. ಹಗ್ಗ ಎಳೆದರೆ ಅಲುಗಲಿಲ್ಲ. ಇದ್ದದ್ದು ಒಂದೇ ಹುಟ್ಟು. ಅಲೆ ಒಳಗೆ ಬರುತ್ತಿತ್ತು. ಭಾವನ ಮಗನಿಗೆ ಈಜು ಬರುವುದಿಲ್ಲ, ಲೈಫ್ ಜಾಕೆಟ್ಟೂ ಇರಲಿಲ್ಲ. ದಡ ಸೇರುವಾಗ ಕತ್ತಲಾಗಿತ್ತು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಮೆಕ್ಯಾನಿಕ್ ಬಿಚ್ಚಿದಾಗ ಪಿಸ್ಟನ್ ಗೀರಿ ಹೋಗಿತ್ತು, ರಿಂಗುಗಳು ಮಸಿಯಲ್ಲಿ ಅಂಟಿಕೊಂಡಿದ್ದವು. 24,000 ರೂಪಾಯಿ ಖರ್ಚು.

ನಮ್ಮ ಎಂಜಿನ್ನಿನ ಪುಸ್ತಕದಲ್ಲಿ ಪೂರ್ತಿ ಥ್ರಾಟಲ್‌ಗೆ 5000ದಿಂದ 6000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅನ್ನುವ ಲೆಕ್ಕ) ಬರಬೇಕು ಅಂತ ಬರೆದಿದೆ. ಪಿಚ್ 1 ಇಂಚು ಏರಿದರೆ ಸುಮಾರು 150ರಿಂದ 200 ಆರ್‌ಪಿಎಂ ಇಳಿಯುತ್ತದೆ. ನಾವು ಒಂದೇ ಸಲ 3 ಇಂಚು ಏರಿಸಿದ್ದೆವು. ಹಾಗಂತ ತೀರಾ ಕಡಿಮೆ ಪಿಚ್ಚೂ ಬೇಡ, ಆಗ ಎಂಜಿನ್ ಮಿತಿ ಮೀರಿ ಸುತ್ತುತ್ತದೆ.

ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಸಿಗುತ್ತದೆ. ಅದನ್ನು ಹಾಕಿ, ದಿನ ಹೊರುವಷ್ಟೇ ಭಾರ ಹೊತ್ತು ನೋಡಿ. ಪುಸ್ತಕದಲ್ಲಿ ಹೇಳಿದಷ್ಟು ಬರದಿದ್ದರೆ ಆ ಪ್ರೊಪೆಲ್ಲರನ್ನು ಅವತ್ತೇ ಬಿಚ್ಚಿಬಿಡಿ. ನಾವು ಮತ್ತೆ 8 ಇಂಚಿನದೇ ಹಾಕಿದ್ದೇವೆ. ತುಂಬಿದ ದೋಣಿಯಲ್ಲಿ 5300 ಬರುತ್ತಿದೆ. ಲೈಫ್ ಜಾಕೆಟ್ಟುಗಳನ್ನೂ ತಂದಿದ್ದೇವೆ.