ಮಾಲ್ಡಿಯೋ ಎಲ್‌ಸಿ-ಎಂಎಸ್ಸೋ? ನನ್ನ ಓಟು ಮಾಲ್ಡಿಗೆ
ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಶುದ್ಧ ಮಾಡಿದ ಪ್ರೋಟೀನಿನ ತೂಕ ಸರಿ ಇದೆಯಾ ಅಂತ ನೋಡಬೇಕಿತ್ತು. ನಮ್ಮಲ್ಲಿ ಮೆಷಿನ್ ಇಲ್ಲ, ಹೊರಗೆ ದುಡ್ಡು ಕೊಟ್ಟೇ ಮಾಡಿಸಬೇಕು. ಒಂದೇ ಸ್ಯಾಂಪಲ್ಲನ್ನು ಮಾಲ್ಡಿಗೂ (ಲೇಸರ್ ಹೊಡೆದು ಅಣುವಿನ ತೂಕ ಅಳೆಯುವ ವಿಧಾನ) ಕೊಟ್ಟೆ, ಎಲೆಕ್ಟ್ರೋಸ್ಪ್ರೇ (ದ್ರವವನ್ನು ಚಾರ್ಜ್ ಇರುವ ಸಣ್ಣ ಹನಿಗಳಾಗಿ ಸಿಂಪಡಿಸುವುದು) ಇರುವ ಎಲ್‌ಸಿ-ಎಂಎಸ್‌ಗೂ (ಮೊದಲು ಕಾಲಮ್ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಆಮೇಲೆ ತೂಕ ಅಳೆಯುವ ವಿಧಾನ) ಕೊಟ್ಟೆ. ನನ್ನಂಥವರಿಗೆ ಮಾಲ್ಡಿಯೇ ಸಾಕು.

ಮಾಲ್ಡಿ ಸಲೀಸು. ಒಂದು ಮೈಕ್ರೋಲೀಟರ್ ಪ್ರೋಟೀನ್, ಲೇಸರ್ ಬೆಳಕು ಹೀರುವ ಸಿನಾಪಿನಿಕ್ ಆಸಿಡ್ ಅಷ್ಟೇ, ಸ್ಟೀಲ್ ಪ್ಲೇಟಿನ ಮೇಲೆ ಒಂದು ಹನಿ. ಒಣಗಿ ಹರಳು ಕಟ್ಟಿದರೆ ಲೇಸರ್ ಹೊಡೆಯುವುದೇ. ಲೆಕ್ಕದ ಪ್ರಕಾರ ಸುಮಾರು 18,000 ಡಾಲ್ಟನ್ (ಅಣುತೂಕದ ಅಳತೆ) ಬರಬೇಕಿತ್ತು, ಪೀಕ್ ಬಂದಿದ್ದು 130ರಷ್ಟು ಕಮ್ಮಿಗೆ. ಅಂದರೆ ಬ್ಯಾಕ್ಟೀರಿಯಾ ಪ್ರೋಟೀನ್ ಸರಪಳಿಯ ಮೊದಲ ಅಮೈನೋ ಆಮ್ಲ ಮೆಥಿಯೊನೀನನ್ನು (131 ಡಾಲ್ಟನ್) ಕತ್ತರಿಸಿ ಹಾಕಿದೆ. ಪ್ರೋಟೀನನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಇದು ಕಾಣುವುದೇ ಇಲ್ಲ.

ಎಲ್‌ಸಿ-ಎಂಎಸ್ ರಿಪೋರ್ಟ್ ತೆರೆದರೆ ಪ್ರೋಟೀನೇ ಇಲ್ಲ! ಬಾಚಣಿಗೆ ಹಲ್ಲಿನ ಹಾಗೆ 44 ಡಾಲ್ಟನ್‌ಗೊಂದು ಪೀಕ್, ಸಾಲುಸಾಲಾಗಿ. ಇದು ಪಿಇಜಿ (44 ಡಾಲ್ಟನ್ ತುಣುಕುಗಳು ಸಾಲಾಗಿ ಸೇರಿದ ಪಾಲಿಮರ್), ಅಥವಾ ಟ್ರೈಟನ್ ಥರದ ಡಿಟರ್ಜೆಂಟ್. ಸೋಪು, ಕೈಗೆ ಹಚ್ಚುವ ಕ್ರೀಮು, ಎಲ್ಲಿಂದ ಬೇಕಾದರೂ ಬರುತ್ತದೆ, ಬಂದರೆ ಕಾಲಮ್ಮಿಗೆ ಅಂಟಿಕೊಂಡು ಬೇಗ ಬಿಡುವುದಿಲ್ಲ. ಎಲೆಕ್ಟ್ರೋಸ್ಪ್ರೇನಲ್ಲಿ ಪ್ರೋಟೀನಿನ ಮೇಲೆ ಹತ್ತಾರು ಚಾರ್ಜ್ ಕೂರುತ್ತವೆ. ಮೆಷಿನ್ ತೋರಿಸುವುದು ತೂಕವನ್ನು ಚಾರ್ಜಿನಿಂದ ಭಾಗಿಸಿದ ಲೆಕ್ಕ; 18,000ದ್ದು 20 ಚಾರ್ಜ್ ಹೊತ್ತರೆ 900ರ ಆಸುಪಾಸಿನಲ್ಲಿ ಕಾಣಬೇಕು, ಸರಿಯಾಗಿ ಅಲ್ಲೇ ಈ ಪಿಇಜಿ ಗಲಾಟೆ. ಮಾಲ್ಡಿಯಲ್ಲಿ ಹೆಚ್ಚಾಗಿ ಒಂದೇ ಚಾರ್ಜ್, ಹಾಗಾಗಿ ಕಸ ಕೆಳಗೆಲ್ಲೋ ಉಳಿಯುತ್ತದೆ.

ಅದು ಸಾಲದು ಅಂತ ಕಾಲಮ್ ತೊಳೆದ ಬಿಲ್ ನನಗೇ ಬಂತು. ‘ಕಸ ಬಂದಿದ್ದು ನಿಮ್ಮ ಸ್ಯಾಂಪಲ್ಲಿಂದಲೇ’ ಅಂದರು ಲ್ಯಾಬಿನವರು. ಫೈಲ್ ಕೇಳಿ ತೆಗೆದು ನೋಡಿದೆ, ನನ್ನದಕ್ಕಿಂತ ಮುಂಚೆ ಸ್ಯಾಂಪಲ್ ಇಲ್ಲದೆ ಓಡಿಸಿದ ಬ್ಲಾಂಕ್‌ನಲ್ಲೂ ಅದೇ ಬಾಚಣಿಗೆ! ತೋರಿಸಿದ ಮೇಲೆ ಬಿಲ್ ಬಿಟ್ಟರು, ಆದರೆ ಸ್ಯಾಂಪಲ್ ಮತ್ತೆ ಕ್ಯೂನ ಕೊನೆಗೆ ಹೋಯಿತು.

ನಿಖರತೆಯಲ್ಲಿ ಎಲೆಕ್ಟ್ರೋಸ್ಪ್ರೇ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಆಕ್ಸಿಜನ್ ಸೇರಿದ 16 ಡಾಲ್ಟನ್ ವ್ಯತ್ಯಾಸ ಮಾಲ್ಡಿಯ ಅಗಲ ಪೀಕಿನಲ್ಲಿ ಮುಚ್ಚಿಹೋಗುತ್ತದೆ. ಜೀವಕೋಶದ ಸಾವಿರಾರು ಪ್ರೋಟೀನನ್ನು ಟ್ರಿಪ್ಸಿನ್ ಕಿಣ್ವದಲ್ಲಿ ಕತ್ತರಿಸಿ ಒಟ್ಟಿಗೆ ಗುರುತಿಸಬೇಕೆಂದರೆ ಎಲ್‌ಸಿ-ಎಂಎಸ್ಸೇ ಬೇಕು.

2002ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಎಲೆಕ್ಟ್ರೋಸ್ಪ್ರೇಗೆ ಜಾನ್ ಫೆನ್, ಲೇಸರ್ ವಿಧಾನಕ್ಕೆ ಕೊಯಿಚಿ ತನಾಕಾ, ಇಬ್ಬರಿಗೂ ಪಾಲು ಸಿಕ್ಕಿತು. ತಮಾಷೆ ಅಂದ್ರೆ ತನಾಕಾ ಬಳಸಿದ್ದು ಗ್ಲಿಸರಾಲ್‌ನಲ್ಲಿ ಕಲಸಿದ ಕೋಬಾಲ್ಟ್ ಪುಡಿ; ನಾವು ಈಗ ಮಾಡುವ ಹರಳಿನ ಮಾಲ್ಡಿ ಜರ್ಮನಿಯ ವಿಜ್ಞಾನಿಗಳಾದ ಕರಾಸ್ ಮತ್ತು ಹಿಲೆನ್‌ಕಾಂಪ್ ಅವರದು.

ನಾನು ಸಲಕ್ಕೆ ಒಂದೇ ಪ್ರೋಟೀನ್ ಮಾಡುವವನು, ಗ್ರಾಂಟೂ ಅಷ್ಟಕ್ಕಷ್ಟೇ. ರಿವ್ಯೂವರ್ ನಿಖರ ತೂಕ ಕೇಳಿದರೆ ಎಲ್‌ಸಿ-ಎಂಎಸ್‌ಗೆ ಕೊಡ್ತೀನಿ, ಆದರೆ ಮೊದಲು ಅವತ್ತಿನ ಬ್ಲಾಂಕ್ ತೋರಿಸಿ ಅಂತ ಕೇಳ್ತೀನಿ.